ಎಸ್ಟೀಮ್, ಜಿಪ್ಸಿ, ಹಳೆ ಸಿಟಿ: ಕಡಿಮೆ ದುಡ್ಡಿನ ರೇಸ್‌ಗೆ ಯಾವ ಗಾಡಿ?

ಉತ್ತರ ಕನ್ನಡದ ನಮ್ಮ ಘಟ್ಟದ ಮೇಲಿನವರಿಗೆ ಮಣ್ಣಿನ ರಸ್ತೆ ಹೊಸದಲ್ಲ. ತೋಟದ ದಾರಿಯಲ್ಲೇ ಗಾಡಿ ಕಲಿತವರು ಇಲ್ಲಿ ಜಾಸ್ತಿ. ಹಾಗಾಗಿ ಆಟೋಕ್ರಾಸ್ (ಮಣ್ಣಿನ ಸಣ್ಣ ಟ್ರ್ಯಾಕಿನ ಕಾರ್ ರೇಸ್), ರ‍್ಯಾಲಿ ಅಂದರೆ ಆಸೆ ಹುಟ್ಟುವುದು ಸಹಜ. ತೊಡಕಿರುವುದು ದುಡ್ಡಿನಲ್ಲಿ. ಹೊಸ ಕಾರು ತಂದು, ಮಗುಚಿದಾಗ ಒಳಗಿನವರನ್ನು ಕಾಯುವ ಪೈಪಿನ ಚೌಕಟ್ಟು, ಅಂದರೆ ಕೇಜ್ ಹಾಕಿಸಿ, ಎಂಜಿನ್ ಬಿಚ್ಚಿಸಿ ತಯಾರು ಮಾಡಿಸುವುದು ನಮ್ಮಂಥವರ ಕೈಗೆಟುಕುವ ಮಾತಲ್ಲ. ಬೇರೆ ಯಾರೋ ಓಡಿಸಿ ಮಾರುವ ಗಾಡಿಯನ್ನೇ ಹುಡುಕಬೇಕು.

ಕಡಿಮೆ ದುಡ್ಡಿಗೆ ನಮ್ಮ ಕಡೆ ಸಿಗುವುದು ಮುಖ್ಯವಾಗಿ ಮೂರು ಗಾಡಿ. ಮಾರುತಿ ಎಸ್ಟೀಮ್, ಮಾರುತಿ ಜಿಪ್ಸಿ, ಮತ್ತೆ 2000ದ ಆಸುಪಾಸಿನ ಹೋಂಡಾ ಸಿಟಿ ವಿಟೆಕ್. ಎಸ್ಟೀಮ್ ನನ್ನದು, ಹುಬ್ಬಳ್ಳಿ ಕಡೆಯಿಂದ ಕೇಜ್ ಸಮೇತ ತಂದದ್ದು. ಜಿಪ್ಸಿ ಯಲ್ಲಾಪುರದ ಗೆಳೆಯನದು. ಸಿಟಿ ಕಾರವಾರದ ನಮ್ಮ ಭಾವನದು. ಮೂರನ್ನೂ ಶಿರಸಿ ಹತ್ತಿರದ ಒಂದು ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ), ಜಾಗದವರ ಒಪ್ಪಿಗೆ ತೆಗೆದುಕೊಂಡು, ಅದೇ ತಿರುವು, ಅದೇ ಮಣ್ಣಿನಲ್ಲಿ ಓಡಿಸಿ ನೋಡಿದ್ದೇನೆ. ರಿಪೇರಿಯಲ್ಲೂ ಮೂರಕ್ಕೂ ಕೈ ಹಾಕಿದ್ದೇನೆ. ನನ್ನ ಆಯ್ಕೆ ಎಸ್ಟೀಮ್. ಯಾಕೆ ಅಂತ ಹೇಳುವ ಮೊದಲು ತುಕ್ಕಿನ ಮಾತು ಆಗಬೇಕು. ನಮ್ಮ ಜಿಲ್ಲೆಯಲ್ಲಿ ಎಂಜಿನ್‌ಗಿಂತ ಮೊದಲು ನೋಡಬೇಕಾದದ್ದು ಅದನ್ನೇ.

ಕಾರವಾರ, ಅಂಕೋಲಾ, ಕುಮಟಾದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ. ಮಳೆ ಬಿಟ್ಟರೆ ಸಮುದ್ರದ ಉಪ್ಪುಗಾಳಿ. ಗಾಡಿ ಮನೆ ಮುಂದೆ ಸುಮ್ನೆ ನಿಂತರೂ ತಗಡು ತಿಂದುಹೋಗುತ್ತದೆ. ಭಾವನ ಸಿಟಿಯನ್ನು ಹೊರಗಿನಿಂದ ನೋಡಿದರೆ ಹೊಸ ಬಣ್ಣ, ಒಂದು ಗೀರಿಲ್ಲ. ಕುಮಟಾದ ಟಿಂಕರಿಂಗ್ ಮೇಸ್ತ್ರಿ ಒಬ್ಬರು ಬಂದವರೇ, "ತಮಾ, ಬಣ್ಣ ನೋಡಬೇಡ, ಕಾರ್ಪೆಟ್ ಎತ್ತು" ಅಂದರು. ಎತ್ತಿದೆವು. ಡ್ರೈವರ್ ಕಾಲಿನ ಬಳಿ ಕಪ್ಪು ಡಾಂಬರಿನಂಥ ಪದರ ಬಳಿದಿತ್ತು. ಅವರು ಸ್ಕ್ರೂಡ್ರೈವರ್ ತೆಗೆದು ಮೆಲ್ಲಗೆ ಒತ್ತಿದರು. ತಗಡು ಹಪ್ಪಳದ ಹಾಗೆ ಮುರಿದು, ಕೆಳಗಿನ ನೆಲ ಕಾಣಿಸಿತು. ಹಿಂದಿನ ಚಕ್ರದ ಮೇಲಿನ ತಗಡಿಗೆ ಅಯಸ್ಕಾಂತ ಇಟ್ಟರೆ ಅಂಟಲಿಲ್ಲ. ಅಲ್ಲೆಲ್ಲ ತೂತು ಮುಚ್ಚುವ ಪುಟ್ಟಿ ಮೆತ್ತಿದ್ದರು.

ಹಾಗಾಗಿ ನೋಡುವ ಜಾಗಗಳು ಇವು. ಬಾಗಿಲ ಕೆಳಗಿನ ಪಟ್ಟಿ, ಬ್ಯಾಟರಿ ಕೂರುವ ತಟ್ಟೆ, ವೈಪರ್ ಕೆಳಗೆ ನೀರು ನಿಲ್ಲುವ ಜಾಗ, ಮತ್ತೆ ಬಾನೆಟ್ ತೆಗೆದಾಗ ಎರಡೂ ಬದಿಗೆ ಕಾಣುವ, ಸ್ಟ್ರಟ್‌ನ (ಮುಂದಿನ ಚಕ್ರದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿಯ) ತಲೆ ಕೂರುವ ಗೋಪುರ. ಕೊನೆಯದು ಬಹಳ ಮುಖ್ಯ. ಮಣ್ಣಿನಲ್ಲಿ ಹಾರಿ ಬಿದ್ದ ಪೆಟ್ಟೆಲ್ಲ ಬಂದು ತಾಗುವುದು ಅಲ್ಲಿಗೇ. ಆ ಗೋಪುರದ ಸುತ್ತ ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಗಾಡಿ ಬಿಟ್ಟುಬನ್ನಿ. ಎಂಜಿನ್ ಹೋದರೆ ಇನ್ನೊಂದು ಸಿಗುತ್ತದೆ, ಬಾಡಿ ಹೋದರೆ ಗಾಡಿಯೇ ಹೋದ ಹಾಗೆ. ಹುಬ್ಬಳ್ಳಿ, ಧಾರವಾಡದ ಒಣ ಹವೆಯಲ್ಲಿ ಇದ್ದ ಗಾಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಅಂತ ನಾನು ನಂಬಿರುವುದು ಇದಕ್ಕೇ. ನನ್ನ ಎಸ್ಟೀಮ್ ಕೆಎ 25 ನಂಬರಿನದು, ತಳ ಇವತ್ತಿಗೂ ಗಟ್ಟಿ.

ಗೋವಾ ಪಕ್ಕದಲ್ಲೇ ಇದೆ, ಅಲ್ಲಿ ಅಗ್ಗಕ್ಕೆ ಸಿಗುತ್ತದಲ್ವಾ ಅಂತ ಕಾರವಾರದವರು ಕೇಳುತ್ತಾರೆ. ಸಿಗುತ್ತದೆ. ಆದರೆ ಆ ಕಡೆಯೂ ಇದೇ ಉಪ್ಪುಗಾಳಿ. ಮೇಲಾಗಿ ಕರ್ನಾಟಕದ ನಂಬರಿಗೆ ತರುವುದಾದರೆ ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು.

ಈಗ ಗಾಡಿಗಳಿಗೆ ಬರೋಣ.

ಎಸ್ಟೀಮ್ 1994ರಿಂದ 2007ರವರೆಗೆ ಬಂದ ಗಾಡಿ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಕೊಡುವ ವ್ಯವಸ್ಥೆ) ಬಂದ ಮೇಲಿನದನ್ನೇ ಹುಡುಕಿ. 1298 ಸಿಸಿ, 85 ಅಶ್ವಶಕ್ತಿ, ತೂಕ 900 ಕೆಜಿಯ ಆಸುಪಾಸು. ಒಳಗಿನ ಸೀಟು, ಕಾರ್ಪೆಟ್, ಎಸಿ ಬಿಚ್ಚಿದರೆ ಇನ್ನೂ ಹಗುರ. ಹಗುರ ಗಾಡಿ ಅಂದರೆ ಬ್ರೇಕ್, ಟೈರ್, ಕ್ಲಚ್ ಎಲ್ಲವೂ ಹೆಚ್ಚು ದಿನ ಬಾಳುತ್ತವೆ. ಕಡಿಮೆ ದುಡ್ಡಿನವರಿಗೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಓಡಿಸಿದಾಗ ಏನಾಗುತ್ತದೆ? ತಿರುವಿಗೆ ಮೊದಲು ಒಂದು ಕ್ಷಣ ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ತಿರುಗಿಸಿದರೆ ಹಿಂದಿನ ಭಾಗ ತಾನೇ ಹೊರಗೆ ಜಾರುತ್ತದೆ. ಮತ್ತೆ ಕಾಲು ಒತ್ತಿದರೆ ಮುಂದಿನ ಚಕ್ರ ಗಾಡಿಯನ್ನು ಎಳೆದು ನೇರ ಮಾಡುತ್ತದೆ. ಎಲ್ಲ ನಿಧಾನಕ್ಕೆ, ಹೇಳಿ ಕೇಳಿ ಆಗುತ್ತದೆ. ಹೊಸಬರಿಗೆ ಮಣ್ಣಿನ ಮೇಲೆ ಜಾರಿಕೆ ಕಲಿಸಲು ಇದಕ್ಕಿಂತ ಒಳ್ಳೆಯ ಗಾಡಿ ನಾನು ಓಡಿಸಿಲ್ಲ. ಕೊರತೆ ಇರುವುದು ನೆಲದಿಂದ ಇರುವ ಎತ್ತರದಲ್ಲಿ. ನಮ್ಮ ಜಂಬಿಟ್ಟಿಗೆ ಕಲ್ಲು ಸಂಪ್‌ಗೆ (ಎಂಜಿನ್ ಕೆಳಗಿನ ಎಣ್ಣೆ ತಟ್ಟೆಗೆ) ತಾಗಿದರೆ ಎಣ್ಣೆ ಎಲ್ಲ ಸುರಿದು ಎಂಜಿನ್ ಜಾಮ್. ದಪ್ಪ ತಗಡಿನ ಸಂಪ್ ಗಾರ್ಡ್ ಇಲ್ಲದೆ ಹೊರಡಲೇಬಾರದು.

ಜಿಪ್ಸಿ ವಿಷಯ ಬೇರೆ. ನಮ್ಮ ಕಡೆ ಜಿಪ್ಸಿ ಅಂದರೆ ಒಂಥರಾ ಭಕ್ತಿ. ರೇಡ್ ದ ಹಿಮಾಲಯದಂಥ ಕಷ್ಟದ ರ‍್ಯಾಲಿಯಲ್ಲಿ ವರ್ಷಗಟ್ಟಲೆ ಓಡಿದ ಗಾಡಿ, ಸೈನ್ಯದ ಗಾಡಿ. ಆ ಹೆಸರಿಗೆ ತಕ್ಕ ಹಾಗೆ ಬೆಲೆಯೂ ಏರಿದೆ. ಹೊಸದು ಬರುವುದು ನಿಂತಿದೆ, ಕೇಳುವವರು ನಿಂತಿಲ್ಲ. ಅದೇ ವಯಸ್ಸಿನ ಎಸ್ಟೀಮ್‌ಗೆ ಕೇಳುವ ಬೆಲೆಯ ಎರಡರಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕೇಳುತ್ತಾರೆ.

ಎಂಪಿಎಫ್‌ಐ ಜಿಪ್ಸಿಯಲ್ಲೂ ಇರುವುದು ಎಸ್ಟೀಮ್‌ನ ಅದೇ ಜಿ13 ಬಳಗದ 1298 ಸಿಸಿ ಎಂಜಿನ್. ಶಕ್ತಿ ಸ್ವಲ್ಪ ಕಡಿಮೆ, 80ರ ಹತ್ತಿರ. ತೂಕ ಜಾಸ್ತಿ, ಗಾಳಿಗೆ ಎದುರಾಗಿ ನಿಂತ ಪೆಟ್ಟಿಗೆಯ ಆಕಾರ ಬೇರೆ. ಒಣ ಮಣ್ಣಿನ ಸಣ್ಣ ಆಟೋಕ್ರಾಸ್ ಟ್ರ್ಯಾಕಿನಲ್ಲಿ ಅದು ಎಸ್ಟೀಮ್‌ನ ಹಿಂದೆಯೇ ಉಳಿಯಿತು. ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್ ಇರುವುದರಿಂದ ಸಾಲು ಸಾಲು ಗುಂಡಿ ಬಂದಲ್ಲಿ ಹಿಂಭಾಗ ಕುಪ್ಪಳಿಸುತ್ತದೆ. ಸ್ಟೀರಿಂಗ್ ತುಂಬಾ ಸುತ್ತಿಸಬೇಕು. ಫೋರ್ ವ್ಹೀಲ್ ಹಾಕಿದರೆ ಆಗಲ್ವಾ ಅಂದರೆ, ಒಣ ನೆಲದ ಬಿಗಿ ತಿರುವಿನಲ್ಲಿ ಅದೂ ಉಪಯೋಗಕ್ಕಿಲ್ಲ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ, ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಎರಡೂ ಒಂದೇ ವೇಗದಲ್ಲಿ ತಿರುಗಲು ಹಟ ಮಾಡುತ್ತವೆ, ಗಾಡಿ ತಿರುಗದೆ ನೇರ ಹೋಗುತ್ತದೆ.

ಆದರೆ ಮಳೆ ಬಿದ್ದ ಮೇಲೆ ಲೆಕ್ಕ ಉಲ್ಟಾ. ಕೆಂಪು ಮಣ್ಣು ಕೆಸರಾದಾಗ ಎಸ್ಟೀಮ್ ನಿಂತಲ್ಲೇ ಚಕ್ರ ತಿರುಗಿಸುತ್ತಿತ್ತು. ಜಿಪ್ಸಿ ಫೋರ್ ವ್ಹೀಲ್ ಹಾಕಿಕೊಂಡು ಏರು ಹತ್ತಿಕೊಂಡು ಹೋಯಿತು. ಅದು ಮುರಿಯುವುದೂ ಕಡಿಮೆ. ಕಲ್ಲು, ಚರಂಡಿ, ಬೇರು ಯಾವುದಕ್ಕೂ ಜಗ್ಗುವುದಿಲ್ಲ. ಆಫ್‌ರೋಡ್ ಸ್ಪರ್ಧೆ, ಕೆಸರಿನ ಸ್ಪರ್ಧೆ ನಿಮ್ಮ ಆಸೆಯಾದರೆ ಕಣ್ಣು ಮುಚ್ಚಿ ಜಿಪ್ಸಿ ತೆಗೆದುಕೊಳ್ಳಿ. ಮಾರುವಾಗ ಕೊಟ್ಟ ದುಡ್ಡೂ ವಾಪಸ್ ಬರುತ್ತದೆ. ಗಡಿಬಿಡಿಯ ತಿರುವಿನ ಆಟೋಕ್ರಾಸ್‌ಗೆ ಮಾತ್ರ ಬೇಡ. ಎತ್ತರದ ಗಾಡಿ, ಮಗುಚುವ ಭಯ ನಿಜವಾದದ್ದು.

ಸಿಟಿ ವಿಟೆಕ್ ಮೂರರಲ್ಲಿ ಅತಿ ವೇಗದ್ದು, ಅದರಲ್ಲಿ ಎರಡು ಮಾತಿಲ್ಲ. 1.5 ಲೀಟರ್, 106 ಅಶ್ವಶಕ್ತಿ. ಎಂಜಿನ್ ತಿರುಗುವ ವೇಗದ (ಆರ್‌ಪಿಎಂ) ಸೂಜಿ 5,000 ದಾಟಿದ ಮೇಲೆ ಆ ಎಂಜಿನ್ ಹಾಡುವುದನ್ನು ಒಮ್ಮೆ ಕೇಳಿದರೆ ಮನಸ್ಸು ಅಲ್ಲೇ ಉಳಿಯುತ್ತದೆ. ಡಾಂಬರಿನ ಟ್ರ್ಯಾಕಿಗೆ, ಕೊಯಮತ್ತೂರಿನ ಕರಿ ಅಥವಾ ಚೆನ್ನೈ ಹತ್ತಿರದ ಇರುಂಗಾಟುಕೋಟೈಗೆ ಹೋಗುವ ಕನಸಿದ್ದವರಿಗೆ ಇದು ಸರಿ. ನಮ್ಮ ಮಣ್ಣಿಗೆ ಅಲ್ಲ. ಶಕ್ತಿ ಇರುವುದೆಲ್ಲ ಮೇಲಿನ ಆರ್‌ಪಿಎಂನಲ್ಲಿ, ಸಡಿಲ ಮಣ್ಣಿನಲ್ಲಿ ಅಷ್ಟು ಏರಿಸಿದರೆ ಚಕ್ರ ಸುಮ್ನೆ ತಿರುಗುತ್ತದೆ, ಟೈರ್ ಸವೆಯುತ್ತದೆ. ಉದ್ದನೆಯ ಗಾಡಿ, ಬಿಗಿ ತಿರುವಿಗೆ ಹ್ಯಾಂಡ್‌ಬ್ರೇಕ್ ಎಳೆಯದೆ ಬಗ್ಗುವುದಿಲ್ಲ.

ಸಿಟಿ ಸೋಲುವುದು ಸ್ಪೇರ್‌ನಲ್ಲಿ. ಮಳೆಗಾಲದಲ್ಲಿ ಭಾವನ ಗಾಡಿಯ, ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕೈಕೊಟ್ಟಿತು. ಶಿರಸಿಯಲ್ಲಿ ಇಲ್ಲ, ಕಾರವಾರದಲ್ಲಿ ಇಲ್ಲ, ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿದ್ದರ ಬೆಲೆ ಕೇಳಿ ಭಾವ ಸುಮ್ಮನಾದ. ಕೊನೆಗೆ ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸಿದ್ದು. ಅಷ್ಟು ದಿನ ಗಾಡಿ ಅಂಗಳದಲ್ಲಿ, ಮಳೆಯಲ್ಲಿ. ಅದೇ ವಾರ ನನ್ನ ಎಸ್ಟೀಮ್‌ನ ಡ್ರೈವ್ ಶಾಫ್ಟ್ ಬೂಟ್ (ಚಕ್ರ ತಿರುಗಿಸುವ ದಂಡದ ಜಾಯಿಂಟ್ ಮುಚ್ಚುವ ರಬ್ಬರ್) ಹರಿದಿತ್ತು. ಸಂಜೆ ಪೇಟೆಗೆ ಹೋಗಿ ತಂದೆ, ರಾತ್ರಿ ಊಟಕ್ಕೆ ಮೊದಲು ಹಾಕಿ ಮುಗಿಸಿದೆವು. ರೇಸ್ ಗಾಡಿ ಹಾಳಾಗುವುದು ಖಂಡಿತ. ಎಷ್ಟು ಬೇಗ, ಎಷ್ಟು ದುಡ್ಡಿಗೆ ಎದ್ದು ನಿಲ್ಲುತ್ತದೆ ಅನ್ನುವುದೇ ನಮಗೆ ಮುಖ್ಯ.

ಆ ಬೂಟ್ ಬಗ್ಗೆ ಒಂದು ಮಾತು. ಹರಿದ ರಬ್ಬರಿನೊಳಗೆ ನಮ್ಮ ಕೆಂಪು ಧೂಳು ಹೊಕ್ಕರೆ ಗ್ರೀಸ್ ಜೊತೆ ಸೇರಿ ಅರೆಯುವ ಪೇಸ್ಟ್ ಆಗುತ್ತದೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ನಿಧಾನ ಹೋದಾಗ ಟಕ್ ಟಕ್ ಶಬ್ದ ಬಂದರೆ ಜಾಯಿಂಟ್ ಹೋಯಿತು ಅಂತಲೇ ಅರ್ಥ. ಗಾಡಿ ಕೊಳ್ಳುವಾಗ ಇದನ್ನೊಂದು ನೋಡಿ, ಎರಡೂ ಕಡೆ ತಿರುಗಿಸಿ. ಎಂಜಿನ್‌ಗೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಸಾಕು. ನಾಲ್ಕೂ ಸಿಲಿಂಡರ್ ಹೆಚ್ಚು ಕಡಿಮೆ ಒಂದೇ ತೋರಿಸಬೇಕು. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಮಾರುವವನಿಗೆ ಹೇಳಲಾಗದಿದ್ದರೆ ಮನೆಗೆ ತಂದ ಕೂಡಲೇ ಬದಲಿಸಿ. ಈಗಿನ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಈ ಹಳೆ ಗಾಡಿಗಳ ಪೆಟ್ರೋಲ್ ಪೈಪ್‌ಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಮೂರು ಗಾಡಿಯಲ್ಲೂ ಹೊಸದು ಹಾಕಿಸಿದೆವು, ದೊಡ್ಡ ಖರ್ಚೇನಲ್ಲ.

ಕೇಜ್ ಇರುವ ಗಾಡಿ ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹೊಸದಾಗಿ ಹಾಕಿಸುವ ಖರ್ಚು ಹಳೆ ಎಸ್ಟೀಮ್‌ನ ಬೆಲೆಗೇ ಬಂದು ನಿಲ್ಲುತ್ತದೆ. ಆದರೆ ಕೇಜ್ ಅಂತ ಕಂಡದ್ದೆಲ್ಲ ಕೇಜ್ ಅಲ್ಲ. ಕಾರ್ ರೇಸ್‌ಗಳ ಜಾಗತಿಕ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಮುಖ್ಯ ಕಮಾನಿಗೆ ಜೋಡಣೆ ಇಲ್ಲದ ಉಕ್ಕಿನ ಪೈಪ್ ಬೇಕು. 45 ಮಿ.ಮೀ. ಅಗಲಕ್ಕೆ 2.5 ಮಿ.ಮೀ. ದಪ್ಪ, ಇಲ್ಲವೇ 50ಕ್ಕೆ 2. ಬುಡದಲ್ಲಿ 3 ಮಿ.ಮೀ. ದಪ್ಪದ ಪ್ಲೇಟ್ ಇಟ್ಟು ಕನಿಷ್ಠ ಮೂರು ಬೋಲ್ಟ್ ಹಾಕಿರಬೇಕು. ನಾವು ನೋಡಲು ಹೋದ ಒಂದು ಗಾಡಿಯಲ್ಲಿ ನೀರಿನ ಜಿಐ ಪೈಪಿಗೆ ಕಪ್ಪು ಬಣ್ಣ ಬಳಿದು, ಕಾರ್ಪೆಟ್ ಮೇಲೆಯೇ ಕೂರಿಸಿದ್ದರು. ಅಂಥದ್ದು ಮಗುಚಿದಾಗ ಒಳಗಿನವರ ಮೇಲೇ ಬಾಗುತ್ತದೆ. ಹಾರ್ನೆಸ್ (ರೇಸ್ ಸೀಟ್ ಬೆಲ್ಟ್) ಮೇಲೂ ತಾರೀಕು ಇರುತ್ತದೆ, ಅವಧಿ ಮುಗಿದಿದ್ದರೆ ತಪಾಸಣೆಯಲ್ಲಿ ಹೊರಗೆ ಕಳಿಸುತ್ತಾರೆ. ಹೆಲ್ಮೆಟ್ ಮಾತ್ರ ಹಳೆಯದು ಬೇಡವೇ ಬೇಡ. ಒಳಗೆ ಪೆಟ್ಟು ತಿಂದದ್ದು ಹೊರಗೆ ಕಾಣುವುದಿಲ್ಲ. ಇಲ್ಲಿ ಉಳಿಸುವ ದುಡ್ಡು ದುಡ್ಡೇ ಅಲ್ಲ.

ಕಾಗದದ ಕೆಲಸ ಬೇಜಾರು, ಆದರೂ ಬಿಡುವಂತಿಲ್ಲ. ಈ ಎಸ್ಟೀಮ್, ಸಿಟಿ ಎಲ್ಲ 15 ವರ್ಷ ದಾಟಿದವು. ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ 5,000 ಆಯಿತು, 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಿ ರಸ್ತೆಯಲ್ಲಿ ಓಡಿಸುವಂತಿಲ್ಲ. ಮಾಮೂಲಿ ಇನ್ಶೂರೆನ್ಸ್ ರೇಸ್‌ನಲ್ಲಿ ಆದ ಹಾನಿಗೆ ಬರುವುದಿಲ್ಲ. ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ ಎಫ್‌ಎಂಎಸ್‌ಸಿಐ ಮಾನ್ಯತೆಯ ಸ್ಪರ್ಧೆಗೆ ಅವರದೇ ಲೈಸೆನ್ಸ್ ಬೇಕು. ನಾನು ಎಸ್ಟೀಮ್ ಅನ್ನು ಕ್ಯಾಂಟರ್ ಮೇಲೆ ಹೇರಿಕೊಂಡೇ ಹೋಗುತ್ತೇನೆ. ಅಡಿಕೆ ಒಯ್ದು ಖಾಲಿ ಬರುವ ಗಾಡಿಯವರನ್ನು ಮೊದಲೇ ಮಾತಾಡಿಸಿಟ್ಟರೆ ಬಾಡಿಗೆಯಲ್ಲಿ ಚೌಕಾಸಿಗೆ ಜಾಗ ಇರುತ್ತದೆ. ದೇವಿಮನೆ ಘಟ್ಟ ಇಳಿಯುವಾಗ ನಾಲ್ಕೂ ಚಕ್ರಕ್ಕೆ ಬೆಲ್ಟ್ ಕಟ್ಟಿದ್ದು ಬಿಗಿ ಇದೆಯಾ ಅಂತ ನಡುವೆ ಒಮ್ಮೆ ನಿಲ್ಲಿಸಿ ನೋಡಿ.

ಓಡಿಸುವ ಖರ್ಚಿನಲ್ಲಿ ಮೊದಲ ಜಾಗ ಟೈರಿನದು, ನಂತರ ಶಾಕ್ ಅಬ್ಸಾರ್ಬರ್. ಎಸ್ಟೀಮ್‌ಗೆ 13 ಇಂಚಿನ ಚಕ್ರ. ದೊಡ್ಡ ಗಾಡಿಯವರು ಕೊಡುವಷ್ಟು ದುಡ್ಡು ಇಲ್ಲಿ ಬೇಕಿಲ್ಲ, ಬಳಸಿದ ರ‍್ಯಾಲಿ ಟೈರೂ ಸಿಗುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹಲ್ಲು ಎಷ್ಟೇ ಉಳಿದಿರಲಿ, ತುಂಬಾ ಹಳೆಯದಾದರೆ ರಬ್ಬರ್ ಕಲ್ಲಾಗಿ ಹಿಡಿತ ಇರುವುದಿಲ್ಲ. ಜಿಪ್ಸಿಯ ಟೈರ್ ದುಬಾರಿ, ಆದರೆ ನಿಧಾನ ಸವೆಯುತ್ತದೆ. ಪೆಟ್ರೋಲ್ ಕುಡಿಯುವುದರಲ್ಲಿ ಸಿಟಿ, ಜಿಪ್ಸಿ ಎರಡೂ ಎಸ್ಟೀಮ್‌ಗಿಂತ ಮುಂದೆ.

ಈಗ ಹೊಸದಾಗಿ ಹುಡುಕುವವರಿಗೆ ನಾಲ್ಕನೆಯ ದಾರಿಯೂ ತೆರೆದಿದೆ. 2005ರಿಂದ 2010ರವರೆಗೆ ಬಂದ 1.3 ಪೆಟ್ರೋಲ್ ಸ್ವಿಫ್ಟ್‌ನಲ್ಲಿ ಇರುವುದೂ ಇದೇ ಜಿ13 ಎಂಜಿನ್, 87 ಅಶ್ವಶಕ್ತಿ. ಎಸ್ಟೀಮ್‌ಗಿಂತ ಭಾರ, ಆದರೆ ಬಾಡಿ ಗಟ್ಟಿ, ವಯಸ್ಸೂ ಕಡಿಮೆ. ಬೆಲೆ ವರ್ಷ ವರ್ಷಕ್ಕೆ ಇಳಿಯುತ್ತಿದೆ. ಒಳ್ಳೆಯ ಎಸ್ಟೀಮ್ ಬಾಡಿ ಸಿಗುವುದು ಕಷ್ಟವಾಗುತ್ತಿರುವುದರಿಂದ ಯಲ್ಲಾಪುರದ ಗೆಳೆಯನೂ ನಾನೂ ಈ ಸ್ವಿಫ್ಟನ್ನೇ ನೋಡುತ್ತಿದ್ದೇವೆ. ಘಟ್ಟದ ಮೇಲಿನದು, ಕೇಜ್ ಇರುವುದು ಯಾರ ಹತ್ತಿರವಾದರೂ ಇದ್ದರೆ ಹೇಳಿ, ಬಂದು ಕಾರ್ಪೆಟ್ ಎತ್ತಿ ನೋಡುತ್ತೇವೆ.