ಚಿತ್ರದುರ್ಗಕ್ಕೆ ರಾತ್ರಿ ಸ್ಲೀಪರ್ ಬುಕ್ ಮಾಡುವವರೇ, ಎಲ್ಲಿ ಇಳಿಸ್ತಾರೆ ಅಂತ ಒಮ್ಮೆ ನೋಡಿ

ಮೊದಲೇ ಹೇಳಿಬಿಡುತ್ತೇನೆ, ನಮಗೆ ಏನೂ ಅನಾಹುತ ಆಗಲಿಲ್ಲ. ದುಡ್ಡೂ ಹೋಗಲಿಲ್ಲ. ಆದರೂ ಬರೆಯುತ್ತಿದ್ದೇನೆ. ಮಕ್ಕಳನ್ನು ಕಟ್ಟಿಕೊಂಡು ಒಬ್ಬರೇ ಹೊರಡುವವರು, ವಯಸ್ಸಾದ ಅಪ್ಪ ಅಮ್ಮನನ್ನು ಬೆಂಗಳೂರಲ್ಲಿ ಬಸ್ ಹತ್ತಿಸಿ ನೆಮ್ಮದಿಯಾಗಿ ಮಲಗುವವರು ಇದನ್ನು ಓದಲಿ ಅಂತ.

ದಾವಣಗೆರೆಯಲ್ಲಿ ನನ್ನ ಜೊತೆ ಓದಿದ ಗೆಳತಿ ಈಗ ಚಿತ್ರದುರ್ಗದಲ್ಲಿದ್ದಾಳೆ. "ಆ ಮೋಡ, ಆ ತಂಡಿ ಸಾಕು ಬಾರೇ, ಇಲ್ಲಿ ಒಳ್ಳೆ ಬಿಸಿಲಿದೆ, ಎರಡು ದಿನ ಇದ್ದು ಹೋಗು" ಅಂತ ಡಿಸೆಂಬರ್ ಪೂರ್ತಿ ಕರೆಯುತ್ತಲೇ ಇದ್ದಳು. ಸರಿ, ಹೊರಟೆ. ನಮ್ಮ ಯಜಮಾನರಿಗೆ ರಜೆ ಇರಲಿಲ್ಲ. ನಾನು, 7 ವರ್ಷದ ಮಗ, ಇಬ್ಬರೇ. ಬಿಸಿಲೂರು ಅಲ್ವಾ ಅಂತ ತೆಳು ಕಾಟನ್ ಬಟ್ಟೆ, ಟೋಪಿ, ಕೂಲಿಂಗ್ ಗ್ಲಾಸ್ ತುಂಬಿಕೊಂಡೆ. "ಒಂದು ಸ್ವೆಟರ್ ಆದ್ರೂ ಇಟ್ಕೋ" ಅಂದರು ಇವರು. ಚಿತ್ರದುರ್ಗದಲ್ಲಿ ಸ್ವೆಟರಾ ಅಂತ ನಕ್ಕೆ.

ರಾತ್ರಿ 11.30ಕ್ಕೆ ಗೊರಗುಂಟೆಪಾಳ್ಯದಲ್ಲಿ ಖಾಸಗಿ ಸ್ಲೀಪರ್ ಹತ್ತಿದೆವು. ಬೆಳಗಾವಿಗೆ ಹೋಗುವ ಗಾಡಿ. ಟಿಕೆಟ್‌ನಲ್ಲಿ ಚಿತ್ರದುರ್ಗ 4.45 ಅಂತಿತ್ತು. ಇಳಿದು, ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದು, ಬೆಳಗಾಗುವ ಹೊತ್ತಿಗೆ ಗೆಳತಿಗೆ ಫೋನ್ ಮಾಡೋಣ ಅನ್ನೋದು ನನ್ನ ಲೆಕ್ಕ.

ಪರದೆ ಎಳೆದು ಕ್ಲೀನರ್ ಎಬ್ಬಿಸಿದಾಗ ಗಂಟೆ 3.20. "ಚಿತ್ರದುರ್ಗ, ಚಿತ್ರದುರ್ಗ, ಬೇಗ ಇಳೀರಿ." ನಿದ್ದೆಗಣ್ಣಲ್ಲಿ ಒಂದು ಕೈಯಲ್ಲಿ ಮಗ, ಇನ್ನೊಂದರಲ್ಲಿ ಬ್ಯಾಗು, ಚಪ್ಪಲಿ ಹುಡುಕಿಕೊಂಡು ಕೆಳಗೆ ಕಾಲಿಟ್ಟು ನೋಡಿದರೆ ಬಸ್ ಸ್ಟ್ಯಾಂಡೂ ಇಲ್ಲ ಊರೂ ಇಲ್ಲ, ಹೈವೇ ಪಕ್ಕದ ಕತ್ತಲು, ಅಷ್ಟೇ. "ಊರೊಳಗೆ ಹೋಗಲ್ವಾ?" ಅಂದೆ. "ಇಲ್ಲ ಮೇಡಂ, ಬೈಪಾಸೇ ಸ್ಟಾಪು. ಆಟೋ ಸಿಗುತ್ತೆ" ಅಂದ. ಮಾತು ಮುಗಿಯುವಷ್ಟರಲ್ಲಿ ಗಾಡಿ ಹೊರಟಿತ್ತು.

ಆ ಗಾಳಿ! ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ವಿಂಡ್‌ಮಿಲ್ ಸುಮ್ನೆ ನೆಟ್ಟಿಲ್ಲ ಅಂತ ಅವತ್ತು ಗೊತ್ತಾಯಿತು. ಫೋನಿನಲ್ಲಿ 14 ಡಿಗ್ರಿ ತೋರಿಸುತ್ತಿತ್ತು, ಗಾಳಿಗೆ ಅದು ಇನ್ನೂ ಕಡಿಮೆ ಅನ್ನಿಸುತ್ತಿತ್ತು. ಒಣ ಹವೆ, ಮೋಡ ಇಲ್ಲದ ಆಕಾಶ. ಇಂಥ ಕಡೆ ಹಗಲಲ್ಲಿ ಕಾದ ನೆಲ ರಾತ್ರಿ ಬೇಗ ತಣ್ಣಗಾಗಿಬಿಡುತ್ತದೆ. ಬಿಸಿಲೂರಿನ ರಾತ್ರಿಯೂ ಬೆಚ್ಚಗಿರುತ್ತೆ ಅಂದುಕೊಂಡದ್ದು ನನ್ನ ದಡ್ಡತನ. ಮಗ ಗಡಗಡ ನಡುಗುತ್ತಿದ್ದ. ಬ್ಯಾಗಿನಲ್ಲಿ ದಪ್ಪಗಿದ್ದದ್ದು ಒಂದೇ, ಗೆಳತಿಗೆ ಅಂತ ತಂದಿದ್ದ ಮೊಳಕಾಲ್ಮೂರು ರೇಷ್ಮೆ ಸೀರೆ. (ಚಿತ್ರದುರ್ಗ ಜಿಲ್ಲೆಯದೇ ಸೀರೆಯನ್ನು ಬೆಂಗಳೂರಲ್ಲಿ ಕೊಂಡು ಚಿತ್ರದುರ್ಗಕ್ಕೇ ಹೊತ್ತುಕೊಂಡು ಹೋದವಳು ನಾನು, ನಗಬೇಡಿ.) ಅದನ್ನೇ ಮಡಿಕೆ ಬಿಚ್ಚಿ ಅವನಿಗೆ ಸುತ್ತಿದೆ.

ಒಂದು ಆಟೋ ಬಂತು. 400 ಕೇಳಿದ. ದುಡ್ಡಿಗಿಂತ ಜಾಸ್ತಿ, ಆ ಹೊತ್ತಲ್ಲಿ ಹತ್ತೋಕೆ ಧೈರ್ಯ ಬರಲಿಲ್ಲ. ಪಾಪ, ಒಳ್ಳೆಯವನೇ ಇದ್ದನೇನೋ. ಸ್ವಲ್ಪ ದೂರದಲ್ಲಿ ನಾಲ್ಕಾರು ಲಾರಿ, ಒಂದು ಬಲ್ಬು ಕಂಡಿತು. ಟೀ ಅಂಗಡಿ. ಹತ್ತಿರ ಹೋಗುತ್ತಿದ್ದಂತೆ ಅಂಗಡಿಯ ಅಜ್ಜಿ, "ಬಾರವ್ವ ಒಳಗೆ, ಹುಡುಗಗೆ ತಂಡಿ ಆಗ್ತತಿ" ಅಂತ ಒಲೆ ಪಕ್ಕ ಕೂರಿಸಿದರು. ದಿನಾ ಒಬ್ಬರಲ್ಲ ಒಬ್ಬರು ಹೀಗೆ ಇಳಿದು ಕಣ್ಣು ಕಣ್ಣು ಬಿಡುತ್ತಾರಂತೆ. ಮೊನ್ನೆ ಯಾರೋ ಬಾಣಂತಿ ಇಳಿದಿದ್ದಳು ಅಂದರು. ನನಗೆ ಸಿಟ್ಟು ಬಂದದ್ದು ಆಗ.

5 ಗಂಟೆವರೆಗೆ ಅಲ್ಲೇ ಕೂತೆ. ಆಮೇಲೆ ಫೋನ್ ಮಾಡಿದೆ. ಗೆಳತಿಯ ಗಂಡ 15 ನಿಮಿಷದಲ್ಲಿ ಕಾರು ತಂದರು. "ಇಳಿದ ಕೂಡಲೇ ಫೋನ್ ಮಾಡೋದಲ್ವಾ ಅಕ್ಕ" ಅಂತ ಅವರು ಮೆತ್ತಗೆ ಹೇಳಿದರು. ಅವಳು ಮಾತ್ರ ಮನೆ ಬಾಗಿಲಲ್ಲೇ ನಿಲ್ಲಿಸಿ ಬೈದಳು. ಅಪರಾತ್ರಿಯಲ್ಲಿ ಎಬ್ಬಿಸೋದು ಹೇಗೆ ಅಂತ ಸಂಕೋಚಪಟ್ಟು ನಾನು ಒಂದೂವರೆ ಗಂಟೆ ಮಗುವನ್ನು ಚಳಿಯಲ್ಲಿ ಇಟ್ಟುಕೊಂಡದ್ದು, ಬಸ್ಸಿನವರ ತಪ್ಪಿಗಿಂತ ಸಣ್ಣದೇನಲ್ಲ.

ಬಸ್ ಕಂಪನಿಗೆ ಫೋನ್ ಮಾಡಿ ಜಗಳ ಆಡಿದೆ. "ಟಿಕೆಟ್‌ನಲ್ಲೇ ಇದೆ ನೋಡಿ" ಅಂದರು. ನೋಡಿದೆ. ಇತ್ತು! ಮೇಲೆ ದಪ್ಪಕ್ಷರದಲ್ಲಿ ಚಿತ್ರದುರ್ಗ. ಡ್ರಾಪಿಂಗ್ ಪಾಯಿಂಟ್ ಅನ್ನೋದನ್ನು ಒತ್ತಿದರೆ ಒಳಗೆ ಸಣ್ಣದಾಗಿ 'ಬೈಪಾಸ್'. ಹುಬ್ಬಳ್ಳಿ, ಬೆಳಗಾವಿ ಕಡೆಯ ಗಾಡಿಗಳಿಗೆ ಊರೊಳಗೆ ಬಂದು ಹೋದರೆ ಅರ್ಧ ಗಂಟೆ ದಂಡ, ಅದಕ್ಕೇ ಬರಲ್ಲ. ಅದು ಅರ್ಥವಾಗುತ್ತೆ. ಆದರೆ ಹತ್ತುವಾಗ ಒಂದು ಮಾತು ಹೇಳಿದರೆ ಏನು ಗಂಟು ಹೋಗುತ್ತೆ? ಹತ್ತಿರ ಹತ್ತಿರ ಒಂದೂವರೆ ಗಂಟೆ ಮುಂಚೆ ತಲುಪಿದ್ದರ ಬಗ್ಗೆ ಕೇಳಿದ್ದಕ್ಕೆ, "ರೋಡ್ ಖಾಲಿ ಇತ್ತು ಮೇಡಂ" ಅಂತ ಖುಷಿಯಿಂದ ಹೇಳಿದರು.

ನಿಜ ಹೇಳಬೇಕೆಂದರೆ ಬೆಂಗಳೂರಿಂದ ಚಿತ್ರದುರ್ಗ ಸುಮಾರು 200 ಕಿಲೋಮೀಟರ್, ನಾಲ್ಕು ಗಂಟೆಯ ದಾರಿ. ಅದಕ್ಕೆ ರಾತ್ರಿ ಸ್ಲೀಪರ್ ಬೇಕಾಗೇ ಇಲ್ಲ. ಬೆಳಿಗ್ಗೆ ಹೊರಡಿ. ಸಾಮಾನ್ಯ ಕೆಂಪು ಬಸ್ಸು ಊರಿನ ನಿಲ್ದಾಣಕ್ಕೇ ಬರುತ್ತದೆ, ಆದರೂ ಹತ್ತುವ ಮುಂಚೆ ಕಂಡಕ್ಟರ್‌ಗೆ ಕೇಳಿ, ಕೆಲವು ತಡೆರಹಿತ ಗಾಡಿಗಳು ಹೊರಗಿನಿಂದಲೇ ಹೋಗಿಬಿಡುತ್ತವೆ. ದಾವಣಗೆರೆಗೆ ಹೋಗುವವರಿಗೆ ರೈಲಿದೆ, ಊರ ಮಧ್ಯದಲ್ಲೇ ಇಳಿಯಬಹುದು, ಜನಶತಾಬ್ದಿಯೂ ನಿಲ್ಲುತ್ತದೆ. ಚಿತ್ರದುರ್ಗಕ್ಕೆ ಆ ಅನುಕೂಲ ಇಲ್ಲ, ತುಮಕೂರು ಕಡೆಯಿಂದ ನೇರ ರೈಲು ಮಾರ್ಗ ಎಷ್ಟೋ ವರ್ಷದಿಂದ ಬರುತ್ತಲೇ ಇದೆ. ರಾತ್ರಿಯೇ ಹೋಗಬೇಕು ಅನ್ನುವವರು ಟಿಕೆಟ್‌ನ ಆ ಸಣ್ಣಕ್ಷರ ಓದಿ, ಯಾರು ಬಂದು ಕರೆದುಕೊಂಡು ಹೋಗುತ್ತಾರೆ ಅಂತ ಗಟ್ಟಿ ಮಾಡಿಕೊಳ್ಳಿ, ಲೈವ್ ಲೊಕೇಶನ್ ಕಳಿಸಿಡಿ. ಕತ್ತಲಲ್ಲಿ ಸಿಕ್ಕಿಕೊಂಡರೆ 112 ಇದೆ. ನನಗೆ ಅದು ಆಗ ನೆನಪಿಗೇ ಬರಲಿಲ್ಲ.

ಪ್ರವಾಸ ಏನಾಯಿತು ಅಂದರೆ, ಮಗನಿಗೆ ಜ್ವರ ಬಂದು ಮೊದಲ ದಿನ ಹಾಗೇ ಹೋಯಿತು. ಕೋಟೆಯನ್ನು ಗೆಳತಿ ಮನೆಯ ತಾರಸಿಯಿಂದ ನೋಡಿದೆವು. ಮಾರನೇ ದಿನ ಮಧ್ಯಾಹ್ನ, ಅವಳು ಹೇಳಿದ್ದ ಅದೇ ಒಳ್ಳೆ ಬಿಸಿಲಲ್ಲಿ, ಒನಕೆ ಓಬವ್ವನ ಕಿಂಡಿವರೆಗೆ ಹೋಗಿ ಬಂದೆವು. ಹೈದರನ ಸೈನಿಕರು ಇದರಲ್ಲಿ ಹೇಗೆ ತೂರಿದರು ಅಂತ ಮಗ ತಲೆ ಹಾಕಿ ನೋಡಿದ. ಅಕ್ಕ ತಂಗಿ ಹೊಂಡ ಮುಂದಿನ ಸಲಕ್ಕೆ ಉಳಿಯಿತು.

ಸೀರೆ ಸೆರಗಿಗೆ ಟೀ ಕಲೆ ಆಗಿತ್ತು. ವಾಪಸ್ ಕೊಡು, ಬೇರೆ ತರ್ತೀನಿ ಅಂದರೆ ಅವಳು ಕೇಳಲಿಲ್ಲ, ಬೀರುವಿನಲ್ಲಿ ಇಟ್ಟು ಬೀಗ ಹಾಕಿಕೊಂಡಳು.