ವೈರಸ್ ತಪಾಸಣೆಗೆ ವೇಳೆ ಕಟ್ಟುವುದು: ಕ್ರಾನ್, ಅನಾಕ್ರಾನ್, ಟೈಮರ್

ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ನಮ್ಮ ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿಗೆ ಬರುವ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿಯ ಜೊತೆಗೆ ಪೆನ್‌ಡ್ರೈವಿನಲ್ಲಿ ವೈರಸ್ಸನ್ನೂ ತರುತ್ತಾರೆ. ನಮ್ಮ ಉಬುಂಟು ಯಂತ್ರಗಳಿಗೆ ಅದರಿಂದ ತೊಂದರೆಯಾಗುವುದು ಅಪರೂಪವಾದರೂ, ಅದೇ ಫೈಲು ಪಕ್ಕದ ವಿಂಡೋಸ್ ಕಂಪ್ಯೂಟರಿಗೆ ಹೋಗಿ ಸೇರುವ ಭಯ ಇದ್ದೇ ಇದೆ. ಹೀಗಾಗಿ ಗಿರಾಕಿಗಳ ಫೈಲುಗಳನ್ನು ಇಳಿಸಿಕೊಳ್ಳುವ ಫೋಲ್ಡರನ್ನು ಕ್ಲ್ಯಾಮ್‌ಎವಿ ಎಂಬ ವೈರಸ್ ನಿರೋಧಕ ತಂತ್ರಾಂಶವು ದಿನವೂ ತಾನಾಗಿಯೇ ತಪಾಸಣೆ ಮಾಡುವಂತೆ ಏರ್ಪಾಡು ಮಾಡಲು ಹೊರಟು, ಮೂರು ದಾರಿಗಳನ್ನು ಒಂದೊಂದಾಗಿ ಬಳಸಿ ನೋಡಿದೆ.

ಮೊದಲು ಹಿಡಿದದ್ದು ಕ್ರಾನ್, ಅಂದರೆ ಹೇಳಿದ ವೇಳೆಗೆ ಆಜ್ಞೆಯನ್ನು ತಾನಾಗಿಯೇ ಓಡಿಸುವ ಸೌಲಭ್ಯ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಕಣಗಳು, ಅವುಗಳ ಮುಂದೆ ಆಜ್ಞೆ. ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ರೂಢಿಯಂತೆ ನಡುರಾತ್ರಿ ಕಳೆದು ಎರಡು ಗಂಟೆಗೆಂದು ‘0 2 * * *’ ಎಂದು ಬರೆದೆ. ರಾತ್ರಿ ಒಂಬತ್ತಕ್ಕೆ ಮೇನ್ ಸ್ವಿಚ್ ಆರಿಸಿ ಬಾಗಿಲು ಎಳೆಯುವವನಿಗೆ ಆ ವೇಳೆ ಪ್ರಯೋಜನವಿಲ್ಲವೆಂದು ಹೊಳೆದದ್ದು, ಹತ್ತು ದಿನ ಕಳೆದರೂ ತಪಾಸಣೆಯ ವರದಿ ಬೀಳಬೇಕಾದ ಲಾಗ್ ಫೈಲೇ ಹುಟ್ಟಿಲ್ಲವೆಂದು ಕಂಡ ಮೇಲೆ. ಊಟದ ಹೊತ್ತಿಗೆ, ಅಂದರೆ ಮಧ್ಯಾಹ್ನ ಎರಡಕ್ಕೆ ಬದಲಾಯಿಸಿದೆ. ಆ ಹೊತ್ತಿನಲ್ಲಿ ಕರೆಂಟ್ ಹೋಗಿ ಯಂತ್ರ ಆರಿದ್ದರೆ ಅಂದಿನ ತಪಾಸಣೆ ಇಲ್ಲವೆಂದೇ ಲೆಕ್ಕ, ಏಕೆಂದರೆ ತಪ್ಪಿದ ವೇಳೆಯನ್ನು ಕ್ರಾನ್ ನೆನಪಿಟ್ಟುಕೊಳ್ಳುವುದಿಲ್ಲ. ಈ ಕೊರತೆ ತುಂಬಲೆಂದು ಗಂಟೆಗೊಮ್ಮೆ ಓಡುವಂತೆ ಮಾಡಿದ್ದು ನನ್ನ ದೊಡ್ಡ ತಪ್ಪು. ಹಿಂದಿನ ತಪಾಸಣೆ ಮುಗಿದಿದೆಯೇ ಎಂದು ಕ್ರಾನ್ ಕೇಳುವುದಿಲ್ಲ; ಕ್ಲ್ಯಾಮ್‌ಎವಿಯ ಕ್ಲ್ಯಾಮ್‌ಸ್ಕ್ಯಾನ್ ಎಂಬ ತಪಾಸಣೆಯ ಆಜ್ಞೆಯಾದರೋ ಪ್ರತಿ ಸಲವೂ ವೈರಸ್ ಗುರುತುಗಳ ಇಡೀ ಕೋಶವನ್ನು ಮೆಮೊರಿಗೆ ತುಂಬಿಕೊಳ್ಳುತ್ತದೆ, ಅದಕ್ಕೆ 1 ಜಿಬಿಗಿಂತ ಹೆಚ್ಚು ಬೇಕು. 4 ಜಿಬಿ ಯಂತ್ರದಲ್ಲಿ ಎರಡು ತಪಾಸಣೆಗಳು ಒಟ್ಟಿಗೆ ಓಡತೊಡಗಿದಾಗ ಮೌಸ್ ಬಾಣ ಜಾಗ ಬಿಟ್ಟು ಕದಲಲಿಲ್ಲ, ಹಾಲ್ ಟಿಕೆಟ್ ಮುದ್ರಣಕ್ಕೆ ಕಾದಿದ್ದ ಹುಡುಗಿ ಎದುರಿನ ಅಂಗಡಿಗೆ ಹೋದಳು. ಫ್ಲಾಕ್ ಆಜ್ಞೆಯ ಬೀಗ ಹಾಕಿ ಇದನ್ನು ತಡೆಯಬಹುದೆಂಬುದು ಆಮೇಲೆ ತಿಳಿಯಿತು.

ಅನಾಕ್ರಾನ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅದು ಗಂಟೆಯನ್ನಲ್ಲ, ದಿನವನ್ನು ಲೆಕ್ಕ ಹಾಕುತ್ತದೆ; ತಪ್ಪಿದ ಕೆಲಸವನ್ನು ಯಂತ್ರ ಹೊತ್ತಿದ ಮೇಲೆ ಇಷ್ಟು ನಿಮಿಷ ತಡೆದು ಮಾಡಿಬಿಡುತ್ತದೆ. ಮನೆಯ ಕಂಪ್ಯೂಟರಿಗೆ ಅಷ್ಟು ಸಾಕು. ಅಂಗಡಿಗೆ ಬೆಳಗಿನ ಹೊತ್ತೇ ಗಿರಾಕಿಗಳ ಹೊತ್ತು, ಆದ್ದರಿಂದ ನನಗೆ ಒಗ್ಗಲಿಲ್ಲ.

ಕೊನೆಗೆ ನಿಂತದ್ದು, ಉಬುಂಟುವಿನ ಹಿನ್ನೆಲೆಯ ಕೆಲಸಗಳನ್ನು (ಸರ್ವಿಸ್) ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಟೈಮರಿನಲ್ಲಿ. ಏನು ಮಾಡಬೇಕೆಂಬುದಕ್ಕೆ ಒಂದು ಸರ್ವಿಸ್ ಫೈಲು, ಯಾವಾಗ ಮಾಡಬೇಕೆಂಬುದಕ್ಕೆ ಒಂದು ಟೈಮರ್ ಫೈಲು ಬರೆಯಬೇಕಾಗಿರುವುದರಿಂದ ಕ್ರಾನಿನ ಒಂದು ಸಾಲಿನ ಸುಖ ಇಲ್ಲಿಲ್ಲ. ಆದರೆ ಹಿಂದಿನ ಓಟ ಮುಗಿಯದೆ ಅದೇ ಸರ್ವಿಸ್ ಎರಡನೆಯ ಸಲ ಶುರುವಾಗುವುದಿಲ್ಲ, ಮತ್ತು ‘ಪರ್ಸಿಸ್ಟೆಂಟ್’ ಎಂಬ ಸಾಲನ್ನು ಸೇರಿಸಿದರೆ ತಪ್ಪಿದ ತಪಾಸಣೆ ಯಂತ್ರ ಹೊತ್ತಿದೊಡನೆ ನಡೆಯುತ್ತದೆ. ಹೊತ್ತಿದೊಡನೆ ಎಂಬುದೇ ಇಲ್ಲಿಯೂ ತೊಡಕು. ಕೆಲಸದ ಸರದಿಯನ್ನು ಹಿಂದಕ್ಕೆ ತಳ್ಳುವ ‘ನೈಸ್’ ಬೆಲೆಯನ್ನು 19ಕ್ಕೆ ಇಟ್ಟರೆ ಪ್ರೊಸೆಸರ್ ಉಳಿದ ಕೆಲಸಗಳಿಗೆ ಮೊದಲ ಮಣೆ ಹಾಕುತ್ತದೆ, ಮೆಮೊರಿಯ ಹೊರೆ ಮಾತ್ರ ಅದರಿಂದ ಇಳಿಯುವುದಿಲ್ಲ.

ಈ ದಾರಿಯನ್ನು ನಾನು ಒಪ್ಪಿದ್ದು ಒಂದು ಗಾಬರಿಯಿಂದ. ಒಂದು ಸಂಜೆ ಸರ್ವಿಸ್ಸಿನ ಸ್ಥಿತಿ ನೋಡಿದರೆ ಕೆಂಪು ಅಕ್ಷರದಲ್ಲಿ ‘ಫೇಲ್ಡ್’ ಎಂದಿತ್ತು. ಫೈಲು ಬರೆಯುವಾಗ ಎಲ್ಲಿ ಎಡವಿದೆನೋ ಎಂದು ಅರ್ಧ ಗಂಟೆ ಹುಡುಕಿದೆ. ಎಡವಿರಲಿಲ್ಲ. ಕ್ಲ್ಯಾಮ್‌ಸ್ಕ್ಯಾನ್ ವೈರಸ್ ಸಿಗದಿದ್ದರೆ 0, ಸಿಕ್ಕರೆ 1, ತಾನೇ ಕೆಟ್ಟರೆ 2 ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಸಿಸ್ಟಮ್‌ಡಿ ಸೊನ್ನೆಯಲ್ಲದ್ದನ್ನು ಸೋಲೆಂದು ಬಗೆಯುತ್ತದೆ. ಸಿಸ್ಟಮ್‌ಡಿಯ ದಾಖಲೆಯಾದ ಜರ್ನಲ್ ತೆರೆದಾಗ ಅಂದು ಮಧ್ಯಾಹ್ನ ಯಾರೋ ತಂದ ಪೆನ್‌ಡ್ರೈವಿನ ಶಾರ್ಟ್‌ಕಟ್ ಫೈಲೊಂದರ ಹೆಸರು ಅಲ್ಲಿತ್ತು. ಕ್ರಾನ್ ಇಂಥದ್ದನ್ನು ಮೇಲ್ ಮೂಲಕ ತಿಳಿಸಲು ನೋಡುತ್ತದೆ. ನಮ್ಮ ಯಂತ್ರದಲ್ಲಿ ಮೇಲ್ ವ್ಯವಸ್ಥೆಯೇ ಇರಲಿಲ್ಲವಾಗಿ ಆ ತಿಂಗಳುಗಳಲ್ಲಿ ಏನೇನು ಸಿಕ್ಕಿತ್ತೋ ನನಗೆ ತಲುಪಲೇ ಇಲ್ಲ.

ವಿಂಡೋಸ್ ಯಂತ್ರದಲ್ಲಿ ಅದರದೇ ವೈರಸ್ ನಿರೋಧಕವಾದ ಡಿಫೆಂಡರಿನ ತಪಾಸಣೆಗೆ ಟಾಸ್ಕ್ ಶೆಡ್ಯೂಲರನ್ನೇ ಬಳಸುತ್ತಿದ್ದೇನೆ. ಅಲ್ಲಿಯೂ ತಪ್ಪಿದ ವೇಳೆಯ ಕೆಲಸವನ್ನು ಆದಷ್ಟು ಬೇಗ ಮಾಡುವ ಆಯ್ಕೆ ಸೆಟ್ಟಿಂಗ್ಸ್ ಪುಟದಲ್ಲಿದೆ, ಅದಕ್ಕೆ ಟಿಕ್ ಬಿದ್ದಿದೆಯೇ ಎಂದು ನೋಡಿಕೊಳ್ಳಬೇಕು. ಉಬುಂಟು ಯಂತ್ರಗಳಲ್ಲಿ ಈಗ ಮೇನ್ ಸ್ವಿಚ್ ಆರಿಸುವ ಮುನ್ನ ಟೈಮರ್ ಪಟ್ಟಿಯನ್ನು ತೆರೆದು, ಕೊನೆಯ ಓಟದ ಎದುರು ಅಂದಿನ ತಾರೀಖು ಇದೆಯೇ ಎಂದು ನೋಡಿಯೇ ಬಾಗಿಲು ಹಾಕುತ್ತೇನೆ.