7 ಕೆಜಿ ಫ್ರಂಟ್ ಲೋಡ್: ಒಗೆಯುತ್ತೆ ಚೆನ್ನಾಗಿ, ನೀರು ಹೊರಹಾಕೋದೇ ತಕರಾರು

ಬಟ್ಟೆ ಒಗೆಯುವ ವಿಷಯದಲ್ಲಿ ಈ ಮಷೀನಿನ ಮೇಲೆ ನನಗೆ ದೂರಿಲ್ಲ. 2018ರಲ್ಲಿ ಕೊಂಡಿದ್ದು. ಕಾಲರ್ ಕೊಳೆ ಹೋಗುತ್ತದೆ, ನೀರು ಕಮ್ಮಿ ಸಾಕು, ಬೆಡ್‌ಶೀಟ್ ಅರ್ಧ ಒಣಗಿಯೇ ಹೊರಬರುತ್ತದೆ. ಕಂಪನಿ ಹೆಸರು ಬೇಡ ಬಿಡಿ. ನಾನು ಹೇಳಹೊರಟ ತೊಂದರೆ ಯಾವ ಫ್ರಂಟ್ ಲೋಡಿಗಾದರೂ ಬರುವಂಥದ್ದೇ.

ವಾರಂಟಿ ಮುಗಿದ ಮೇಲೆ ಶುರುವಾಯಿತು. ಸ್ಪಿನ್ ಆಗಬೇಕಾದ ಹೊತ್ತಿಗೆ ಮಷೀನ್ ನಿಂತುಬಿಡುವುದು, ಗಾಜಿನ ಬಾಗಿಲ ಹಿಂದೆ ನೀರು ಹಾಗೇ ಇರುವುದು, ಜೊತೆಗೊಂದು ಎರರ್ ಕೋಡ್. ಎಲ್‌ಜಿಯಲ್ಲಿ ಇದು ಓಇ, ಸ್ಯಾಮ್‌ಸಂಗ್‌ನಲ್ಲಿ 5ಇ ಅಥವಾ 5ಸಿ, ಬಾಷ್‌ನಲ್ಲಿ ಇ18. ಎಲ್ಲದರ ಅರ್ಥ ಇಷ್ಟೇ: ಹೊತ್ತಿಗೆ ಸರಿಯಾಗಿ ನೀರು ಖಾಲಿಯಾಗಿಲ್ಲ. ಪಂಪ್ ಸುಟ್ಟಿದೆ ಅಂತ ಕೋಡ್ ಎಲ್ಲೂ ಹೇಳುವುದಿಲ್ಲ. ಸರ್ವೀಸ್ ಸೆಂಟರಿನವರು ಮಾತ್ರ ಫೋನಲ್ಲೇ ತೀರ್ಮಾನ ಮಾಡಿಬಿಟ್ಟರು: "ಪಂಪ್ ಹೋಗಿದೆ ಮೇಡಂ, ಹೊಸದು ಹಾಕ್ಬೇಕು." ಮಷೀನ್ ಮುಖ ಕೂಡ ನೋಡಿರಲಿಲ್ಲ!

ಪಂಪಿನ ಗತಿ ಏನು ಅಂತ ಕಿವಿಗೇ ಗೊತ್ತಾಗುತ್ತದೆ. ಸ್ಪಿನ್ ಒತ್ತಿ ಕೆಳಗಡೆ ಕೇಳಿಸಿಕೊಳ್ಳಿ. ಗುಂಯ್ ಅನ್ನುತ್ತಿದ್ದು ನೀರು ಹೋಗುತ್ತಿಲ್ಲ ಅಂದರೆ ಮೋಟರಿಗೆ ಕರೆಂಟ್ ಬರುತ್ತಿದೆ. ಏನೋ ಸಿಕ್ಕಿಕೊಂಡಿದೆ ಅಥವಾ ಪೈಪ್ ಕಟ್ಟಿದೆ. ಸದ್ದೇ ಇಲ್ಲದಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ. ನನ್ನದು ಗುಂಯ್ ಅನ್ನುತ್ತಿತ್ತು.

ಇನ್ನು ಪಂಪಿಗೆ ಕಸ ಹೋಗದಂತೆ ತಡೆಯುವ ಫಿಲ್ಟರ್. ಮುಂಭಾಗದಲ್ಲಿ ಕೆಳಗೆ ಒಂದು ಪುಟ್ಟ ಮುಚ್ಚಳ ಇರುತ್ತದಲ್ಲ, ಅದರ ಹಿಂದೆ. ನನ್ನ ದೊಡ್ಡ ಸಿಟ್ಟು ಇಲ್ಲೇ. ಅದು ನೆಲಕ್ಕೆ ಎಷ್ಟು ಹತ್ತಿರ ಅಂದರೆ ಕೆಳಗೆ ಒಂದು ಪಾತ್ರೆ ಕೂಡ ಹೋಗುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಪಕ್ಕದಲ್ಲೇ ನೀರು ಬಸಿಯಲು ಸಣ್ಣ ಟ್ಯೂಬ್ ಇರುತ್ತದೆ, ಇದರಲ್ಲಿ ಅದೂ ಇಲ್ಲ. ಕೊನೆಗೆ ಒದಗಿದ್ದು ಕಸ ತುಂಬುವ ಪ್ಲಾಸ್ಟಿಕ್ ಮೊರ. ಪ್ಲಗ್ ಕಿತ್ತು, ಬಿಸಿನೀರಿನ ವಾಶ್ ಆಗಿದ್ದರೆ ಆರಲು ಬಿಟ್ಟು, ಫಿಲ್ಟರನ್ನು ಎಡಕ್ಕೆ ಸ್ವಲ್ಪ ಮಾತ್ರ ತಿರುಗಿಸಿ. ಮೊರ ತುಂಬುತ್ತಲೇ ಮತ್ತೆ ಬಿಗಿ ಮಾಡಿ, ಚೆಲ್ಲಿ ಬನ್ನಿ. ತಾಳ್ಮೆ ಬೇಕು. ಪೂರ್ತಿ ಬಿಚ್ಚಿದರೆ ಮನೆಯೆಲ್ಲ ನೀರು.

ಒಳಗಿದ್ದದ್ದು: ರವಿಕೆ ಹುಕ್ಕು, ಎರಡು ರೂಪಾಯಿ ನಾಣ್ಯ, ಟರ್ಕಿ ಟವೆಲಿನ ನೂಲು ಜಡೆಯಂತೆ ಹೆಣೆದುಕೊಂಡು. ಫಿಲ್ಟರ್ ತೆಗೆದ ತೂತಿಗೆ ಟಾರ್ಚ್ ಬಿಟ್ಟರೆ ಪಂಪಿನ ಪುಟ್ಟ ಫ್ಯಾನ್ ಕಾಣುತ್ತದೆ. ಕಡ್ಡಿಯಿಂದ ತಿರುಗಿಸಿದರೆ ತಡೆದು ತಡೆದು ತಿರುಗುತ್ತದೆ. ಒಳಗೆ ಅಯಸ್ಕಾಂತ ಇರುವುದರಿಂದ ಹಾಗೆ, ಕೆಟ್ಟಿದೆ ಅಂತಲ್ಲ.

ಕ್ಲೀನ್ ಮಾಡಿದ ಮೇಲೂ ಆಗಾಗ ಅದೇ ಕೋಡ್ ಬರುತ್ತಿತ್ತು. ಅದಕ್ಕೆ ಕಾರಣ ಮಷೀನಿನ ಹಿಂಬದಿಯಲ್ಲಿ ನೀರು ಹೊರಹೋಗುವ ಪೈಪ್. ಮಷೀನನ್ನು ಗೋಡೆಗೆ ಒತ್ತಿ ನಿಲ್ಲಿಸಿದಾಗ ಅದು ಮಡಚಿಕೊಂಡಿತ್ತು. ಇನ್‌ಸ್ಟಾಲ್ ಮಾಡಿದವರು ಅದರ ತುದಿಯನ್ನು ಗೋಡೆಯ ಪೈಪಿನೊಳಗೆ ಆಳಕ್ಕೆ ತುರುಕಿ, ಸುತ್ತ ಟೇಪ್ ಸುತ್ತಿ ಗಾಳಿಯಾಡದಂತೆ ಮಾಡಿದ್ದರು. ಪೈಪ್ ನೆಲದಿಂದ ಸುಮಾರು 60ರಿಂದ 100 ಸೆಂ.ಮೀ. ಎತ್ತರಕ್ಕೆ ಹೋಗಿ ಇಳಿಯಬೇಕು. ತುಂಬಾ ಮೇಲಿದ್ದರೆ ಪಂಪಿಗೆ ಎತ್ತಲಾಗುವುದಿಲ್ಲ, ಕೆಳಗಿದ್ದರೆ ತುಂಬಿದ ನೀರೇ ತಾನಾಗಿ ಹರಿದುಹೋಗುತ್ತದೆ. ಟಾಪ್ ಲೋಡ್ ಇದ್ದವರು ಇದನ್ನು ಪಾಲಿಸಬೇಡಿ. ನಮ್ಮಲ್ಲಿ ಸಿಗುವ ಬಹಳಷ್ಟು ಟಾಪ್ ಲೋಡ್‌ಗಳಲ್ಲಿ ಪಂಪೇ ಇಲ್ಲ, ವಾಲ್ವ್ ತೆರೆದಾಗ ನೀರು ಇಳಿಜಾರಿಗೆ ಹರಿಯುತ್ತದೆ ಅಷ್ಟೇ. ಅದರ ಪೈಪ್ ನೆಲದ ಮೇಲೇ ಇರಬೇಕು.

ಪೌಡರ್ ಜಾಸ್ತಿಯಾದರೂ ಕಷ್ಟ. ಪಂಪ್ ನೀರನ್ನು ತಳ್ಳುತ್ತದೆ, ನೊರೆಯನ್ನಲ್ಲ. ನಮ್ಮದು ಬೋರ್‌ವೆಲ್ ನೀರು, ನೊರೆ ಏಳದು ಅಂತ ಕೈ ಮುಂದಾಗುತ್ತದೆ ಅಲ್ವಾ? ಈಗ ಫ್ರಂಟ್ ಲೋಡಿನ ಲಿಕ್ವಿಡ್ ಮಾತ್ರ, ಅದೂ ಮುಚ್ಚಳದಲ್ಲಿ ಅಳೆದು.

"ಹೋಗಿದೆ" ಅಂದ ಅದೇ ಪಂಪ್ ಇವತ್ತಿಗೂ ಓಡುತ್ತಿದೆ. ಮಷೀನಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ, ಸರ್ವೀಸಿಗೆ ಒಂದು. ಹೊಸದು ಕೊಳ್ಳುವವರು ಅಂಗಡಿಯಲ್ಲೇ ಬಗ್ಗಿ ಆ ಕೆಳಗಿನ ಮುಚ್ಚಳ ತೆಗೆದು ನೋಡಿ, ಬಸಿಯುವ ಟ್ಯೂಬ್ ಇದೆಯೋ ಇಲ್ಲವೋ ಅಂತ. ಸೇಲ್ಸ್‌ನವರು ಸ್ಟೀಮ್, ವೈಫೈ ಎಲ್ಲ ತೋರಿಸುತ್ತಾರೆ, ಇದೊಂದನ್ನು ಬಿಟ್ಟು.